ಓರ್‌ನೀ ಮೇಲಿನ ಬಿಳಿ ಪುಡಿ

ಸಿಂಗಾಪುರ, ಮಂಗಳವಾರ

ಅಕ್ಕಾ,

ತಮ್ಮನ ಮಗನ ಮದುವೆ ಮುಗಿಯಿತು, ನನ್ನ ಸಿಟ್ಟು ಮುಗಿದಿಲ್ಲ. ಅಮ್ಮ ಕೆಸುವಿನ ಗೆಡ್ಡೆ ಅರೆದು, ಸಕ್ಕರೆ ಹಾಕಿ, ಈರುಳ್ಳಿ ಕರಿದ ಹಂದಿಕೊಬ್ಬಿನಲ್ಲಿ ಮಗುಚುತ್ತಿದ್ದ ಸಿಹಿ ಓರ್‌ನೀಯನ್ನು ಮದುಮಗನ ತಂಗಿ ಹುವೇಕೆಂಗ್ ಏನು ಮಾಡಿದಳು ಗೊತ್ತೇ? ಪ್ಯಾರಿಸ್ಸಿನಲ್ಲಿ ಕಲಿತ ಗರಿಗರಿ ಪದರಗಳ ನಡುವೆ ತುಂಬಿ, ಫ್ರಿಜ್ಜಿನಲ್ಲಿಟ್ಟು, ಮೇಲೆ ಸಕ್ಕರೆ ಪುಡಿ ಉದುರಿಸಿ ಊಟದ ಕೊನೆಗೆ ತಂದಳು.

ಅಮ್ಮನ ಬಿಸಿ ಓರ್‌ನೀಯಲ್ಲಿ ಮೇಲೆ ಕೊಬ್ಬು ನಿಂತು ಹಬೆ ಕಾಣುವುದಿಲ್ಲ, ಆದರೆ ನಾಲಿಗೆ ಸುಡುತ್ತದೆ. ಹಾಗಾಗಿ ನಮ್ಮ ಮೇಜಿನ ಮುದುಕರೆಲ್ಲ ಅಭ್ಯಾಸಬಲದಿಂದ ಒಟ್ಟಿಗೇ ಊದಿದೆವು. ಪುಡಿಯೆಲ್ಲ ಹಾರಿ, ನಮಸ್ಕರಿಸಲು ಬಂದಿದ್ದ ಮದುಮಗಳ ಕೆಂಪು ಉಡುಪಿನ ಮೇಲೆ ಕೂತಿತು. ಮದುವೆಯ ದಿನ ಮೈಮೇಲೆ ಸಾವಿನ ಮನೆಯ ಬಿಳಿ.

"ತಣ್ಣಗಿರೋದಕ್ಕೆ ಯಾರಾದ್ರೂ ಊದ್ತಾರಾ ಅತ್ತೆ?" ಎಂದು ಹುವೇಕೆಂಗ್ ನನ್ನನ್ನೇ ಕೇಳಿದಳು.

"ಓರ್‌ನೀನ ಯಾರಾದ್ರೂ ತಣ್ಣಗೆ ಬಡಿಸ್ತಾರೇನೇ?" ಎಂದೆ.

ಮಂಡಿನೋವು ಕಡಿಮೆಯಾಗಿದೆ. ನೀನು ಕೊಟ್ಟ ತೈಲ ಮುಗಿದಿದೆ, ಬರುವವರ ಕೈಯಲ್ಲಿ ಕಳಿಸು.

ಈ ಅಂಚೆ ಕಾರ್ಡಿನಲ್ಲಿ ಇನ್ನು ಜಾಗವಿಲ್ಲ. ಈ ಕೊನೆಯ ಸಾಲನ್ನು ಮಾತ್ರ ಯಾರಿಗೂ ಓದಿ ಹೇಳಬೇಡ: ಪುಡಿ ಹಾರಿದ ಮೇಲೆ ಒಂದು ತುತ್ತು ತಿಂದೆ, ಕರಿದ ಈರುಳ್ಳಿಯ ಘಮದ ಸಮೇತ ಥೇಟ್ ಅಮ್ಮನ ಕೈರುಚಿ. ಸಿಟ್ಟು ಇಳಿಯದಿರುವುದು ಅದಕ್ಕೇ.

ನಿನ್ನ ತಂಗಿ,
ಸೋಹ್‌ಲಾಂಗ್