ಸಾಧನಾ ಶಾಲೆಗೆ ಬರುತ್ತಿಲ್ಲ

ಮೂಡುಬಿದಿರೆ
೨೦ ಜುಲೈ ೨೦೨೫, ಭಾನುವಾರ

ತೃಷಾಳ ಪಪ್ಪನಿಗೆ,

ಕಾಂತಿಯ ನಮಸ್ಕಾರ. ನಿಮ್ಮ ಸೊಂಟನೋವು ಹೇಗುಂಟು? ದುಬೈಯ ಬಿಸಿಲಿನಲ್ಲಿ ನೀರು ಕುಡಿಯಲು ಮರೆಯಬೇಡಿ. ಫೋನಿನಲ್ಲಿ ತೃಷಾಳ ಶಾಲೆಯ ವಿಷಯ ತೆಗೆದರೆ "ಮಕ್ಕಳಾಟ, ಬಿಡು ಮಾರಾಯ್ತಿ" ಎಂದು ಮಾತು ಮುಗಿಸುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪಕ್ಕದ ಮನೆಯ ಅಬೂಬಕ್ಕರ್ ರಜೆ ಮುಗಿಸಿ ಅಲ್ಲಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಡುತ್ತೇನೆ.

ತೃಷಾಳ ತರಗತಿಯ ಸಾಧನಾ ಎಂಬ ಹುಡುಗಿಗೆ ಮಾತು ತೊದಲುತ್ತದೆ. ಅವಳು ಪದ್ಯ ಓದುವಾಗ ತಡವರಿಸಿದ್ದನ್ನು ನಮ್ಮವಳು ಕದ್ದು ವಿಡಿಯೊ ಮಾಡಿ, ಕೋಳಿ ಕೂಗುವ ಸದ್ದು ಸೇರಿಸಿ ಹಂಚಿದಳು. ಪಾಲಕರ ಸಭೆಯಲ್ಲಿ ಎಲ್ಲರೂ ತೃಷಾಳನ್ನು ಶಾಲೆಯಿಂದ ಕೆಲವು ದಿನ ಹೊರಗಿಡಿ ಎಂದರು. ನಾನೂ ತಲೆತಗ್ಗಿಸಿ ಒಪ್ಪಿದ್ದೆ. ಬೇಡವೆಂದದ್ದು ಸಾಧನಾಳ ಅಜ್ಜಿ ಕಮಲಾವತಿಯಮ್ಮ. "ಮನೆಯಲ್ಲಿ ಕೂತು ಏನು ಕಲೀತಾಳೆ? ಮತ್ತೂ ಮೊಬೈಲ್ ಒತ್ತುತ್ತಾಳೆ. ಇಲ್ಲೇ ಇರಲಿ, ನಮ್ಮ ಮಗುವಿನ ಮುಖ ನೋಡಲಿ" ಎಂದರು. ಮುಖ್ಯೋಪಾಧ್ಯಾಯ ಶ್ರೀಪಾಲರು ಹಾಗೇ ಮಾಡಿದರು. ತೃಷಾ ತರಗತಿಯ ಮುಂದೆ ನಿಂತು ತಪ್ಪು ಒಪ್ಪಿಕೊಂಡಳು. ಒಬ್ಬೊಬ್ಬರನ್ನೂ ಬೇಡಿ ವಿಡಿಯೊ ಅಳಿಸಿಸಿದಳು. ಸಂಜೆ ಸಾಧನಾಳ ಜೊತೆ ಕೂತು ಓದತೊಡಗಿದಳು. ಮೊದಲು ಮುಖ ಊದಿಸಿಕೊಂಡೇ ಇದ್ದಳು. ಆಮೇಲೊಮ್ಮೆ, "ಅಮ್ಮಾ, ಹಾಡುವಾಗ ಅವಳು ತೊದಲುವುದೇ ಇಲ್ಲ, ಗೊತ್ತುಂಟಾ?" ಎಂದಳು. ಮಗಳು ನನಗೆ ಮರಳಿ ಸಿಕ್ಕಿದಳು ಅಂದುಕೊಂಡೆ.

ಕಳೆದ ಸೋಮವಾರದಿಂದ ಸಾಧನಾ ಶಾಲೆಗೆ ಬರುತ್ತಿಲ್ಲ. ನಿನ್ನೆ ತೃಷಾಳನ್ನು ಕರೆದುಕೊಂಡು ಪುತ್ತಿಗೆಯ ಅವರ ಮನೆಗೆ ಹೋದೆ. ಅಷ್ಟಾದರೂ ಕಮಲಾವತಿಯಮ್ಮ ಬೆಲ್ಲ, ನೀರು ತಂದಿಟ್ಟರು. ಸಾಧನಾಳ ಕೋಣೆಯ ಬಾಗಿಲು ಮಾತ್ರ ತೆರೆಯಲಿಲ್ಲ. ತೃಷಾ ಅದಕ್ಕೆ ಹಣೆಯೊತ್ತಿ ಎಷ್ಟೋ ಹೊತ್ತು ಕರೆದಳು. ಅಜ್ಜಿ ಮೆಲ್ಲನೆ ಹೇಳಿದರು: "ನಿಮ್ಮ ಮಗಳನ್ನು ಹೊರಗೆ ಹಾಕ್ಲಿಕ್ಕೆ ನಾನು ಬಿಡ್ಲಿಲ್ಲ. ಈಗ ನಮ್ಮ ಮಗುವೇ ಹೊರಗೆ ಆಯ್ತು. ಇನ್ನು ಯಾರ ಹತ್ರ ಹೇಳುವುದು?" ಟಿ.ಸಿ. ತೆಗೆದು ಬೆಳ್ತಂಗಡಿಯ ಶಾಲೆಗೆ ಸೇರಿಸುತ್ತಾರಂತೆ. "ಅಲ್ಲಿ ಮೊಬೈಲ್ ಇಲ್ಲವಾ?" ಎಂದು ತಮಗೆ ತಾವೇ ಕೇಳಿಕೊಂಡರು. ಮನೆಗೆ ಬಂದ ಮೇಲೆ ತೃಷಾ ಅನ್ನ ಮುಟ್ಟಿಲ್ಲ.

ನಿಮ್ಮ ಅಮ್ಮನ ಆಶೀರ್ವಾದಗಳು. ಮದ್ದು ತಪ್ಪಿಸಬೇಡಿ.

ನಿಮ್ಮ
ಕಾಂತಿ

ಮತ್ತೆ: ಅಬೂಬಕ್ಕರ್ ಬಾಗಿಲಲ್ಲಿ ನಿಂತಿದ್ದಾರೆ. ಮೇಲೆ ಇದನ್ನು ಬರೆಯಲು ಕೈ ಬರಲಿಲ್ಲ. ಇಲ್ಲಿ ಎಲ್ಲರೂ ಅಳಿಸಿದ್ದ ಆ ವಿಡಿಯೊ ಕಳೆದ ಭಾನುವಾರ ಸಾಧನಾಳ ಸೋದರಮಾವ ಧನರಾಜರ ಮೊಬೈಲಿಗೆ ಬಂದಿದೆ, ದುಬೈಯಲ್ಲಿರುವ ನಮ್ಮ ಊರವರ ವಾಟ್ಸಾಪ್ ಗುಂಪಿನಿಂದ. ಅದನ್ನು ಸಾಧನಾಳೂ ನೋಡಿದಳು. ಆ ಗುಂಪಿಗೆ ಹಾಕಿದ್ದು ನೀವು, ನಿಮ್ಮ ಹೆಸರನ್ನು ನಾನೇ ನೋಡಿದೆ. ಮೊದಲ ದಿನವೇ ಅದನ್ನು ತಾನೇ ನಿಮಗೆ ಕಳುಹಿಸಿದ್ದಾಗಿ ತೃಷಾ ಈಗಷ್ಟೇ ಬಾಯಿಬಿಟ್ಟಳು. ಕೇಳುತ್ತಿದ್ದಾಳೆ, "ಪಪ್ಪ ಯಾರ ಮುಂದೆ ನಿಲ್ಲುವುದು?"