ಸರ್ ಕ್ರಿಸಾಂತೊ

ನವೆಂಬರ್ ೧೪, ಮಂಗಳವಾರ. ಮನಿಲಾ ಬಿಟ್ಟು ಬೂಸಾನ್ ಕಡೆಗೆ.

ಇಂದಿನಿಂದ ಕ್ರಿಸಾಂತೊ ಬರೀ ಮನುಷ್ಯನಲ್ಲ, ಥರ್ಡ್ ಆಫೀಸರ್. ಹೋದ ವರ್ಷ ನನ್ನ ಪಕ್ಕದಲ್ಲೇ ಕೂತು ಡೆಕ್ಕಿನ ತುಕ್ಕು ಕೆರೆಯುತ್ತಿದ್ದವನು ನ್ಯೂಜಿಲೆಂಡಿಗೆ ಹೋಗಿ ಪರೀಕ್ಷೆ ಪಾಸು ಮಾಡಿ, ಭುಜದ ಮೇಲೆ ಚಿನ್ನದ ಪಟ್ಟಿ ಹೊತ್ತು ಇದೇ ಹಡಗಿಗೆ ಬಂದಿದ್ದಾನೆ. ನಾನು ಇನ್ನೂ ಕೆರೆಯುತ್ತಿದ್ದೇನೆ. ಹಡಗಿನ ಸಮಸ್ತ ಪ್ರಜೆಗಳ ಪರವಾಗಿ ಇದನ್ನು ಖಂಡಿಸುವುದು ನನ್ನ ಪವಿತ್ರ ಕರ್ತವ್ಯವಾಗಿತ್ತು.

ಅದಕ್ಕೇ ಖಲಾಸಿಗಳ ಊಟದ ಕೋಣೆಯ ಬಾಗಿಲಿಗೆ ಚೀಟಿ ಅಂಟಿಸಿದೆ: ‘ಅಧಿಕಾರಿಗಳಿಗೆ ಪ್ರವೇಶವಿಲ್ಲ. ಇಲ್ಲಿ ಕೈಯಲ್ಲಿ ಉಣ್ಣುತ್ತಾರೆ.’ ಅಧಿಕಾರಿಗಳ ಕೋಣೆಯೇ ಬೇರೆ, ಅಲ್ಲಿ ಬಿಳಿ ಮೇಜುಬಟ್ಟೆ, ಫೋರ್ಕು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಧ್ಯಾಹ್ನ ಕ್ರಿಸಾಂತೊ ಅನ್ನ, ಒಣಮೀನಿನ ತಟ್ಟೆ ಹಿಡಿದು ನಮ್ಮ ಬಾಗಿಲಿಗೇ ಬಂದ. ಓದಿದ.

“ನಿನ್ನ ಅಕ್ಷರ ಇನ್ನೂ ಸುಧಾರಿಸಿಲ್ವಲ್ಲೋ.”

“ಕ್ಷಮಿಸಿ, ಸರ್,” ಎಂದು ಸೆಲ್ಯೂಟ್ ಹೊಡೆದೆ.

“ಸರ್ ಗಿರ್ ಬಿಡೋ, ಪಾರೆ, ನಾವು ದೋಸ್ತರಲ್ವಾ. ನನ್ನ ಪುಸ್ತಕ ಎಲ್ಲಾ ತಂದಿದೀನಿ. ಸಂಜೆ ಬಾ, ಹೇಳ್ಕೊಡ್ತೀನಿ. ಮುಂದಿನ ಸಲ ನೀನೂ ಪರೀಕ್ಷೆಗೆ ಕೂರು.”

“ನಂಗೆ ತುಕ್ಕೇ ಇಷ್ಟ, ಸರ್.”

ಈ ಸಲ ಯಾರೂ ನಗಲಿಲ್ಲ. ಅವನು ತಟ್ಟೆ ಹಿಡಿದುಕೊಂಡೇ ವಾಪಸು ಹೋದ. ಅಡುಗೆಯ ಮಾಂಗ್ ಬೆರ್ತಿಂಗ್ ನನ್ನ ಮುಂದೆ ಸಾರು ಕುಕ್ಕಿ, “ಹೊಟ್ಟೆಕಿಚ್ಚಿಗೆ ಉಪ್ಪು ಸಾಕೇನೋ?” ಅಂದರು.

ಹೌದು, ಹೊಟ್ಟೆಕಿಚ್ಚೇ. ಆ ಪಟ್ಟಿಯ ಮೇಲಷ್ಟೇ ಅಲ್ಲ, ಅದು ಬಂದ ಮೇಲೂ ಅವನು ಒಳ್ಳೆಯವನಾಗಿಯೇ ಉಳಿದಿದ್ದಾನಲ್ಲ, ಅದರ ಮೇಲೆ. ಸಂಜೆ ಅವನ ಕೋಣೆಯ ತನಕ ಹೋಗಿದ್ದೆ. ತಟ್ಟಲು ಕೈ ಏಳಲಿಲ್ಲ. ನಾಳೆ ಇನ್ನೊಮ್ಮೆ ಕರೆದರೆ ಅತ್ಯಂತ ಗಾಂಭೀರ್ಯದಿಂದ ಒಪ್ಪಿಕೊಳ್ಳುತ್ತೇನೆ. ಕರೆಯದಿದ್ದರೆ ಗಾಂಭೀರ್ಯ ಬಿಟ್ಟು ನಾನೇ ಹೋಗಿ ಬಾಗಿಲು ತಟ್ಟುತ್ತೇನೆ.