ಲೊರೇನ್ ಹುಸ್ಕಾ ತಟಸ್ಥರಲ್ಲ

ಶಾಸನಸಭೆಯ ಶಿಕ್ಷಣ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಮ್ಮ ಸಮಿತಿಯ ದಾಖಲೆಯಲ್ಲಿ ಒಂದು ಸುಳ್ಳು ಸೇರಿಕೊಂಡಿದೆ. ಫೆಬ್ರವರಿ ಹನ್ನೊಂದರ ಕಲಾಪದ ಹಾಳೆಯಲ್ಲಿ, ಶಾಲಾ ನರ್ಸ್ ಮಸೂದೆಯ ಕೆಳಗೆ, "ಲೊರೇನ್ ಹುಸ್ಕಾ, ಟರ್ಲೆ ಕ್ರೀಕ್ ಶಾಲೆಯ ಕಾರ್ಯದರ್ಶಿ: ತಟಸ್ಥ" ಎಂದು ಅಚ್ಚಾಗಿದೆ. ಆಕೆ ತಟಸ್ಥರಲ್ಲ, ಎಂದೂ ಆಗಿರಲಿಲ್ಲ. ಒಂದೇ ಒಂದು ವಿರೋಧವೂ ಬರಲಿಲ್ಲವೆಂಬ ಕಾರಣಕ್ಕೆ ತಾವು ಆ ಮಸೂದೆಯನ್ನು ಅವಿರೋಧ ಪಟ್ಟಿಗೆ ಹತ್ತಿಸಿದ್ದೀರಿ. ಬರುವ ಗುರುವಾರ ಸಭೆ ಆ ಪಟ್ಟಿಯಲ್ಲಿರುವ ಇಪ್ಪತ್ತಾರು ಮಸೂದೆಗಳನ್ನು ಚರ್ಚೆಯಿಲ್ಲದೆ ಒಂದೇ ಕೈ ಎತ್ತುವಿಕೆಯಲ್ಲಿ ಪಾಸು ಮಾಡಿ ಊಟಕ್ಕೆ ಏಳುತ್ತದೆ. ಅಲ್ಲಿಗೆ ನಮ್ಮ ಶಾಲೆಗಳಲ್ಲಿ ನರ್ಸ್ ಇರಲೇಬೇಕೆಂಬ ಕಾನೂನು ತೀರಿಕೊಂಡಂತೆ.

ಸುಳ್ಳು ಬರೆದವರು ಯಾರೆಂದು ತಾವು ತನಿಖಾ ಸಮಿತಿ ನೇಮಿಸಿ, ಅದಕ್ಕೊಬ್ಬ ಉಪಾಧ್ಯಕ್ಷರನ್ನು ಹುಡುಕಿ ಆಯಾಸಪಡಬೇಕಾಗಿಲ್ಲ. ನಾನೇ ಬರೆದೆ. ನೀಲಿ ಶಾಯಿಯಲ್ಲಿ, ಸಾಕಷ್ಟು ದುಂಡಾಗಿಯೇ ಬರೆದೆ.

ತಮಗೆ ನಾನು ಗೊತ್ತು, ಈ ಪತ್ರವನ್ನು ಅಚ್ಚು ಹಾಕುವ ಪತ್ರಿಕೆಯ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಶಾಲಾ ಜಿಲ್ಲೆಯ ಹದಿನಾಲ್ಕು ಶಾಲೆಗಳ ಪರವಾಗಿ ಸರಕಾರದೊಡನೆ ಮಾತಾಡುವುದು ನನ್ನ ಉದ್ಯೋಗ. ಜನವರಿಯಿಂದ ಏಪ್ರಿಲ್‌ವರೆಗೆ ತಮ್ಮ ಕಟ್ಟಡದ ಅಮೃತಶಿಲೆಯ ಮೇಲೆ ನಿಂತು ಬೂಟು ಸವೆಸುವುದು, ಎದೆಯ ಮೇಲಿನ, ಲಾಬಿ ಮಾಡುವವರ ಕೆಂಪು ಬಿಲ್ಲೆಯನ್ನು ನೋಡಿ ದಾರಿ ಬದಲಿಸುವ ಶಾಸಕರನ್ನು ಮೆಟ್ಟಿಲ ತಿರುವಿನಲ್ಲಿ ಅಡ್ಡಗಟ್ಟುವುದು, ಅವರ ನಾಯಿಯ ಆರೋಗ್ಯ ವಿಚಾರಿಸಿ ಆಮೇಲೆ ಶಾಲೆಯ ವಿಷಯಕ್ಕೆ ಬರುವುದು. ಇಪ್ಪತ್ತೆರಡು ವರ್ಷಗಳಿಂದ ಇದನ್ನು ಮಾಡುತ್ತಿದ್ದೇನೆ. ಎಷ್ಟು ನಾಯಿಗಳು ಕಾಲವಾದವೋ ಲೆಕ್ಕವಿಲ್ಲ.

ಈ ವೃತ್ತಿಯಲ್ಲಿ ಒಂದು ಚೀಟಿಗಿರುವ ಬೆಲೆ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಸಮಿತಿಯ ಮುಂದೆ ಬಂದವರೆಲ್ಲ ಅಂಗೈಯಗಲದ ಚೀಟಿ ತುಂಬಿಸಿ ಗುಮಾಸ್ತೆಗೆ ಕೊಡಬೇಕು. ಅದರಲ್ಲಿ ಮೂರು ಚೌಕ: ಪರ, ವಿರೋಧ, ತಟಸ್ಥ. ಪರ ಎಂದು ಗೀಟು ಹಾಕಿದವನಿಗೆ ಮಸೂದೆ ಬೇಕು. ವಿರೋಧ ಎಂದು ಹಾಕಿದವನಿಗೆ ಬೇಡ. ತಟಸ್ಥ ಎಂದು ಹಾಕಿದವನಿಗೆ ಮಾತ್ರ ಬೇಕಾದದ್ದು ಆಗಲೇ ಸಿಕ್ಕಿರುತ್ತದೆ. ಕೆಂಪು ಬಿಲ್ಲೆಯವರಲ್ಲಿ ಇದು ನಾಚಿಕೆಯ ವಿಷಯವಲ್ಲ, ನೈಪುಣ್ಯದ ವಿಷಯ. ಹೊಸಬರಿಗೆ ನಾನು ತರಗತಿ ನಡೆಸಿ ಕಲಿಸಿದ್ದೇನೆ. ಕೊನೆಯಲ್ಲಿ ಪ್ರಮಾಣಪತ್ರವನ್ನೂ ಕೊಟ್ಟಿದ್ದೇನೆ.

ಫೆಬ್ರವರಿ ಹನ್ನೊಂದಕ್ಕೆ ಲೊರೇನ್ ಅವರನ್ನು ರಾಜಧಾನಿಗೆ ಕರೆಸಿದವನು ನಾನೇ. ತಮ್ಮ ಮಸೂದೆಯ ಪ್ರಕಾರ ಇನ್ನು ಮುಂದೆ ನರ್ಸ್ ಶಾಲೆಯಲ್ಲಿ ಇರಬೇಕಾಗಿಲ್ಲ, ಎಲ್ಲೋ ಕೂತು ಪರದೆಯ ಮೇಲೆ ಕಾಣಿಸಿಕೊಂಡರೆ ಸಾಕು. ನರ್ಸ್‌ಗಳು ಸಿಗುವುದೇ ಕಷ್ಟ ಎನ್ನುತ್ತೀರಿ, ಒಪ್ಪಿದೆ. ಆದರೆ ಟರ್ಲೆ ಕ್ರೀಕ್‌ನಲ್ಲಿ ಪರದೆ ಬೆಳಗಬೇಕಾದರೆ ಗಾಳಿ ಬೀಸಿ ಸಂಪರ್ಕ ಕಡಿಯಬಾರದು. ಅಲ್ಲಿ ಗಾಳಿ ಬೀಸದ ದಿನ ಯಾವುದೆಂದು ಊರಿನ ಹಿರಿಯರಿಗೂ ನೆನಪಿಲ್ಲ. ಪರದೆಯೊಳಗಿನ ನರ್ಸ್ ಹೇಳಿದ್ದನ್ನು ಇತ್ತ ಕೈಯಿಂದ ಮಾಡಬೇಕಾದವರು ಕಾರ್ಯದರ್ಶಿ. ಹಾಜರಿ ಬರೆಯುವುದು, ಬಸ್ಸಿಗೆ ಫೋನ್ ಮಾಡುವುದು, ಕಳೆದುಹೋದ ಕೈಗವಸು ಹುಡುಕುವುದು, ಇನ್ನು ಮೇಲೆ ಇನ್ಸುಲಿನ್ ಚುಚ್ಚುವುದು.

ಲೊರೇನ್ ಹಿಮದಲ್ಲಿ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದರು. ಒಂದು ಕೈಯಲ್ಲಿ ಶಾಲೆಯ ಅಡುಗೆಯವರು ಕಳಿಸಿದ ದಾಲ್ಚಿನ್ನಿ ಬನ್ನುಗಳ ತಟ್ಟೆ, ಇನ್ನೊಂದರಲ್ಲಿ ಆ ತಿಂಗಳ ಊಟದ ಪಟ್ಟಿಯ ಹಿಂಬದಿಯಲ್ಲಿ ಬರೆದ ಸಾಕ್ಷ್ಯ.

"ಮೂರು ನಿಮಿಷ ಅಂದ್ರಲ್ಲ ವೆಂಡೆಲ್, ಮನೇಲಿ ಒಲೆ ಗಡಿಯಾರ ಇಟ್ಕೊಂಡು ಓದ್ದೆ. ಎರಡು ನಿಮಿಷ ಐವತ್ತು ಸೆಕೆಂಡು. ಅಳು ಬಂದ್ರೆ ಹತ್ತು ಸೆಕೆಂಡು ಕೈಯಲ್ಲಿರ್ಲಿ ಅಂತ ಬಿಟ್ಟಿದೀನಿ."

"ಅಳೋದು ಬೇಡ ಲೊರೇನ್. ಅಳೋರನ್ನ ಕಂಡ್ರೆ ಅಧ್ಯಕ್ಷರು ಕಾಗದ ತಿರುವಿ ಹಾಕ್ತಾರೆ."

"ಹಾಗಾದ್ರೆ ಬನ್ನು ಕೊಡ್ತೀನಿ ಬಿಡಿ. ಬಾಯಲ್ಲಿ ಬನ್ನಿದ್ರೆ ಕೇಳಿಸ್ಕೊಳ್ಳದೆ ಏನ್ಮಾಡ್ತಾರೆ?"

ತಾವು ಬನ್ನು ತಿಂದಿರಿ. ಎರಡು. ಕೇಳಿಸಿಕೊಳ್ಳುವ ಸಂದರ್ಭ ಬರಲಿಲ್ಲ.

ಏಕೆಂದರೆ ಅಂದು ಸಮಿತಿಯ ಮುಂದೆ ಅದಕ್ಕಿಂತ ಘನವಾದ ವಿಷಯವಿತ್ತು: ರಾಜ್ಯದ ಅಧಿಕೃತ ಸೂಪು ಯಾವುದಾಗಬೇಕು. ನಾಲ್ಕನೇ ತರಗತಿಯ ಮಕ್ಕಳು ತಂದ ಮಸೂದೆಯಾದ್ದರಿಂದ ಅದು ಶಿಕ್ಷಣದ ವಿಷಯವೇ, ತಕರಾರಿಲ್ಲ. ಹದಿನೇಳು ಜನ ಸಾಕ್ಷ್ಯ ಹೇಳಿದರು. ಬೀನ್ಸ್ ಹಾಕಿದ್ದು ಸೂಪೋ ಸಾರೋ ಎಂಬ ಬಗ್ಗೆ ಇಬ್ಬರು ಮಾನ್ಯ ಸದಸ್ಯರ ನಡುವೆ ನಡೆದ ವಾಗ್ವಾದದಷ್ಟು ತಳಮುಟ್ಟಿದ ಚರ್ಚೆಯನ್ನು ಆ ಕೋಣೆಯಲ್ಲಿ ನಾನು ಕಂಡಿರಲಿಲ್ಲ. ಎರಡು ಗಂಟೆ ಹತ್ತು ನಿಮಿಷ. ಲೊರೇನ್ ಕೊನೆಯ ಸಾಲಿನಲ್ಲಿ ಕೋಟು ಬಿಚ್ಚದೆ ಕೂತು, ತುಟಿ ಅಲುಗಿಸುತ್ತ ತಮ್ಮ ಸಾಕ್ಷ್ಯವನ್ನು ಮತ್ತೆ ಮತ್ತೆ ಓದಿಕೊಳ್ಳುತ್ತಿದ್ದರು.

ಸೂಪು ಕುದಿಯುತ್ತಿದ್ದಾಗ ತಾವು ನನ್ನನ್ನು ಹೊರಗೆ ಕರೆದಿರಿ, ನೆನಪಿದೆಯೇ? ತಂಪು ಪಾನೀಯದ ಯಂತ್ರದ ಪಕ್ಕ ನಿಂತು ಹೇಳಿದಿರಿ: "ನೋಡು ವೆಂಡೆಲ್, ನನ್ನ ನರ್ಸ್ ಮಸೂದೇನ ನೀನು ಮೆಚ್ಚಬೇಕಾಗಿಲ್ಲ ಮಾರಾಯ. ಮುಖ ಸಿಂಡರಿಸ್ದೆ ಕೂತಿದ್ರೆ ಸಾಕು."

"ಹಳ್ಳಿ ಶಾಲೆಯಿಂದ ಒಬ್ಬರು ಬಂದಿದಾರೆ..."

"ಬಂದಿದಾರೆ, ಕಂಡೆ. ಬನ್ನು ಚೆನ್ನಾಗಿದೆ. ಅಂದ ಹಾಗೆ ನಿನ್ನ ಆಗಸ್ಟ್ ಮಸೂದೆ ಎಲ್ಲಿದೆ ಈಗ? ನನ್ನ ಡ್ರಾಯರ್‌ನಲ್ಲೇ ಇರಬೇಕಲ್ವಾ?"

ಆಗಸ್ಟ್ ಮಸೂದೆ ನಮ್ಮ ಜಿಲ್ಲೆಯ ಆರು ವರ್ಷಗಳ ಕನಸು. ಬೇಸಿಗೆ ರಜೆಯ ಕೊನೆಗೆ ಆಗಸ್ಟಿನಲ್ಲಿ ನಡೆಯುವ ರಾಜ್ಯ ಕೃಷಿ ಮೇಳ ಮುಗಿಯುವ ತನಕ ಯಾವ ಶಾಲೆಯೂ ತೆರೆಯಬಾರದೆಂಬ ಕಾನೂನಿದೆ. ಮಕ್ಕಳಿಲ್ಲದಿದ್ದರೆ ಮೇಳದ ಹಂದಿಗಳನ್ನು ನೋಡುವವರು ಯಾರು? ನಮಗೆ ಐದು ದಿನ ಮೊದಲು ಬಾಗಿಲು ತೆರೆಯಲು ಅನುಮತಿ ಬೇಕಿತ್ತು. ಅಷ್ಟೇ. ತಾವು ಡ್ರಾಯರ್ ತೆರೆಯುವುದಾಗಿ ಹೇಳಿದಿರಿ. ನಾನು ಮುಖ ಸಿಂಡರಿಸುವುದಿಲ್ಲ ಎಂದೆ. ಯಂತ್ರದೊಳಗೆ ಯಾರದೋ ಡಬ್ಬಿ ದಡಕ್ಕನೆ ಬಿತ್ತು. ಹೀಗೆ ನಾನು ಹದಿನಾಲ್ಕು ಶಾಲೆಗಳ ನರ್ಸ್‌ಗಳನ್ನು ಕೊಟ್ಟು ಆಗಸ್ಟ್ ತಿಂಗಳ ಐದು ದಿನಗಳನ್ನು ತಂದೆ.

ಇಷ್ಟಕ್ಕೇ ನಿಂತಿದ್ದರೆ ಅದು ರಾಜಕೀಯ. ರಾಜಕೀಯಕ್ಕೆ ನಾನು ಪತ್ರಿಕೆಯಲ್ಲಿ ಕ್ಷಮೆ ಕೇಳುವ ಗಿರಾಕಿಯಲ್ಲ. ಜಿಲ್ಲೆಯ ನಿಲುವು ಬದಲಿಸುವ ಅಧಿಕಾರ ನನಗಿದೆ, ಬದಲಿಸಿದೆ. ಆದರೆ ಲೊರೇನ್ ಅವರ ನಿಲುವು ಜಿಲ್ಲೆಯ ಸ್ವತ್ತಲ್ಲ. ಅವರ ಒಂದು ವಿರೋಧದ ಚೀಟಿ ಸಾಕಿತ್ತು, ಮಸೂದೆ ಅವಿರೋಧ ಪಟ್ಟಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಅದು ತಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿಲ್ಲದವರು ಅವರೊಬ್ಬರೇ.

ನಾನು ಕೋಣೆಗೆ ಮರಳಿ ಅವರ ಪಕ್ಕ ಕೂತು, ಕಿಟಕಿಯತ್ತ ನೋಡಿ, ಬಹಳ ಕಾಳಜಿಯ ದನಿ ತೆಗೆದೆ.

"ಲೊರೇನ್, ಹಿಮ ಜೋರಾಗ್ತಿದೆ. ಈ ಸೂಪಿನೋರು ಬೇಗ ಏಳೋ ಹಾಗೆ ಕಾಣ್ಸಲ್ಲ. ನೀವು ಹೊರಟುಬಿಡಿ."

"ಅಯ್ಯೋ, ಇಷ್ಟು ದೂರ ಬಂದು?"

"ಚೀಟಿ ನನ್ನ ಕೈಗೆ ಕೊಡಿ. ನಾನು ಒಪ್ಪಿಸ್ತೀನಿ. ದಾಖಲೆಗೆ ಸೇರುತ್ತೆ."

"ಓದೋದು? ಇದನ್ನ ನೀವೇ ಓದ್ತೀರಾ?"

"ನೋಡ್ಕೋತೀನಿ."

ಅವರು ಚೀಟಿಯನ್ನು ಊಟದ ಪಟ್ಟಿಯೊಳಗಿಟ್ಟು ಮಡಚಿದರು. ಆಮೇಲೆ ನನ್ನ ಕೈಗಿತ್ತು, "ಚೆನ್ನಾಗಿ ಓದೋರು ಓದಿದ್ರೇ ಒಳ್ಳೇದು ಬಿಡಿ. ನಂಗೆ ದನಿ ನಡುಗುತ್ತೆ," ಎಂದು ತಟ್ಟೆಯನ್ನೂ ಬಿಟ್ಟು ಹೊರಟರು. ಬಾಗಿಲ ಬಳಿಯ ಹಾಳೆಯಲ್ಲಿ ಅವರ ಹೆಸರು ಬರೆದಾಗಿತ್ತು, ಹೆಸರಿಗೊಂದು ಚೀಟಿ ಇಲ್ಲದಿದ್ದರೆ ಗುಮಾಸ್ತೆ ಕೂಗಿ ಕರೆಯುತ್ತಾಳೆ. ಆದ್ದರಿಂದ ಅವರ ಚೀಟಿಯನ್ನು ಜೇಬಿಗಿಳಿಸಿ, ಹೊಸದೊಂದನ್ನು ತೆಗೆದುಕೊಂಡು, ಅವರದೇ ದುಂಡು ಅಕ್ಷರ ನೋಡಿಕೊಂಡು ಅವರ ಹೆಸರು ಬರೆದು, ಮೂರನೇ ಚೌಕಕ್ಕೆ ಗೀಟೆಳೆದೆ. ನರ್ಸ್ ಮಸೂದೆಗೆ ಸಮಿತಿ ನಾಲ್ಕು ನಿಮಿಷ ಕೊಟ್ಟಿತು. "ವಿರೋಧಿಸುವವರು?" ಎಂದು ತಾವು ಕೇಳಿದಾಗ ನಾನು ನನ್ನ ಬೂಟಿನ ತುದಿಯನ್ನು ನೋಡುತ್ತಿದ್ದೆ.

ಊಟದ ಪಟ್ಟಿಯ ಹಿಂಬದಿಯನ್ನು ನಾನು ಓದಿದ್ದು ಮಾರನೆಯ ದಿನ. ಅವರು ಹೇಳಬೇಕೆಂದಿದ್ದುದನ್ನು ಇಲ್ಲಿ ಅವರ ಅನುಮತಿ ಕೇಳಿ ಬರೆಯುತ್ತಿದ್ದೇನೆ. ಕಳೆದ ಡಿಸೆಂಬರ್‌ನಲ್ಲಿ ಹಿಮದಿಂದಾಗಿ ನರ್ಸ್ ಬೇರೆ ಶಾಲೆಯಲ್ಲಿ ಸಿಕ್ಕಿಬಿದ್ದ ದಿನ, ಮಾರ್ನಿ ಎಂಬ ಎಂಟು ವರ್ಷದ ಹುಡುಗಿ ಬೆವರುತ್ತ ಬಂದು ಕಚೇರಿಯ ಬೆಂಚಿನ ಮೇಲೆ ಒರಗಿದಳು. ಅವಳಿಗೆ ಸಕ್ಕರೆ ಕಾಯಿಲೆ. ಲೊರೇನ್ ನರ್ಸ್‌ಗೆ ಫೋನ್ ಮಾಡಿದರು. ರಿಂಗಾಯಿತು, ಗಾಳಿ ಬೀಸಿತು, ಸಂಪರ್ಕ ಕಡಿಯಿತು. ಸಕ್ಕರೆ ಕಾಯಿಲೆ ಎಂದರೆ ಇನ್ಸುಲಿನ್ ಎಂದಷ್ಟೇ ಅವರಿಗೆ ಗೊತ್ತು. ಬೀರು ತೆರೆದು, ಇನ್ಸುಲಿನ್ ಪೆನ್ನಿನ ಮುಚ್ಚಳ ತೆಗೆದು, ಮಗುವಿನ ಅಂಗಿ ಎತ್ತಿದರು. ಆಗ ಮಾರ್ನಿ ಕಣ್ಣು ಬಿಡದೆಯೇ, "ಅದಲ್ಲ ಮಿಸೆಸ್ ಹುಸ್ಕಾ, ಜ್ಯೂಸು," ಎಂದಳು. ರಕ್ತದಲ್ಲಿ ಸಕ್ಕರೆ ಆಗಲೇ ಪಾತಾಳಕ್ಕಿಳಿದಿತ್ತು. ಆ ಚುಚ್ಚುಮದ್ದು ಅವಳನ್ನು ಇನ್ನೂ ಕೆಳಗೆ ತಳ್ಳುತ್ತಿತ್ತು.

ಪಟ್ಟಿಯ ಹಿಂಬದಿಯ ಕೊನೆಯ ಸಾಲುಗಳು ಇವು: "ಇದನ್ನು ನಾನು ನನ್ನ ಗಂಡನಿಗೂ ಹೇಳಿಲ್ಲ. ನಾನು ಮಗುವನ್ನು ಕೊಲ್ಲುವುದರಲ್ಲಿದ್ದೆ. ಅವಳಿಗೆ ಮಾತಾಡಲು ಶಕ್ತಿ ಇತ್ತು, ಅದಕ್ಕೇ ಬದುಕಿದಳು. ಮುಂದಿನ ಸಲ ಶಕ್ತಿ ಇಲ್ಲದಿದ್ದರೆ ನನ್ನನ್ನು ತಡೆಯುವವರು ಯಾರು?"

ಅಧ್ಯಕ್ಷರೇ, ಗಂಡನಿಗೂ ಹೇಳದ ತಪ್ಪನ್ನು ಒಬ್ಬ ಹೆಂಗಸು ನಾಲ್ಕು ಗಂಟೆ ದೂರದಿಂದ ತಮ್ಮ ಮುಂದೆ ಹೇಳಿಕೊಳ್ಳಲು ಬಂದರು. ಅದರ ಬದಲು ದಾಖಲೆಯಲ್ಲಿ ಅವರಿಗೆ ಆ ವಿಷಯದಲ್ಲಿ ಅಭಿಪ್ರಾಯವೇ ಇಲ್ಲ ಎಂದು ಬರೆಸಿದವನು ನಾನು. ನನ್ನ ತಪ್ಪನ್ನು ಹೇಳಿಕೊಳ್ಳಲು ನನಗೆ ಬೇಕಾದದ್ದು ಎಷ್ಟು ದಿನ ಗೊತ್ತೇ? ಹತ್ತೊಂಬತ್ತು. ಅದರಲ್ಲಿ ಒಂದು ದಿನ ಆಗಸ್ಟ್ ಮಸೂದೆ ಸಮಿತಿಯಲ್ಲಿ ಪಾಸಾಯಿತೆಂದು ನಮ್ಮ ಕಚೇರಿಯಲ್ಲಿ ಕೇಕು ಕತ್ತರಿಸಿದರು. ಶಾಲಾ ಜಿಲ್ಲೆಯ ಮುಖ್ಯಸ್ಥರಾದ ಸೂಪರಿಂಟೆಂಡೆಂಟರು ನನ್ನ ಬೆನ್ನು ತಟ್ಟಿ, "ಇವನಿಲ್ದಿದ್ರೆ ಆಗ್ತಿರ್ಲಿಲ್ಲ ಕಣ್ರೀ," ಎಂದರು. ಅಕ್ಷರಶಃ ನಿಜ. ನಾನು ಕೇಕಿನ ಮೂಲೆಯ ತುಂಡು ಕೇಳಿ ಪಡೆದೆ.

ಇಪ್ಪತ್ತನೆಯ ದಿನ ಲೊರೇನ್ ಫೋನ್ ಮಾಡಿದರು.

"ವೆಂಡೆಲ್, ಮೊಮ್ಮಗಳು ಕಂಪ್ಯೂಟರಿನಲ್ಲಿ ತೆಗೆದು ತೋರಿಸಿದ್ಲು. ನನ್ನ ಹೆಸರಿನ ಮುಂದೆ ತಟಸ್ಥ ಅಂತಿದೆಯಲ್ಲ? ಅಂದ್ರೆ ಏನು, ಮಗು ಉಳಿದ್ರೂ ಸರಿ ಹೋದ್ರೂ ಸರಿ ಅಂತಾನಾ?"

ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು.

"ಆ ಗುಮಾಸ್ತೆ ಹುಡುಗೀನೇ ತಪ್ಪು ಬರೆದಿರ್ಬೇಕು. ಪಾಪ, ಹೊಸಬಳು, ಬೆಳಗ್ಗಿಂದ ಆ ಸೂಪು ಕೇಳಿ ಕೇಳಿ ತಲೆ ಕೆಟ್ಟಿರುತ್ತೆ. ಅವಳಿಗೆ ಬೈಯೋಕೆ ಹೋಗ್ಬೇಡಿ ಮತ್ತೆ. ಸುಮ್ನೆ ಸರಿ ಮಾಡಿಸ್ಬಿಡಿ, ಆಯ್ತಾ? ನಿಮಗೆ ಅಲ್ಲಿ ಎಲ್ರೂ ಗೊತ್ತಲ್ಲ."

ಬೈಗುಳ ತಿಂದು ನನಗೆ ಅಭ್ಯಾಸವಿದೆ. ಬೈದಿದ್ದರೆ ಇಪ್ಪತ್ತೆರಡು ವರ್ಷದ ಅನುಭವದಿಂದ ಏನಾದರೂ ನುಣುಪಾಗಿ ಹೇಳಿ ಪಾರಾಗುತ್ತಿದ್ದೆ. ನಂಬಿದವರೆದುರು ಹೇಳಲು ಆ ಅನುಭವದಲ್ಲಿ ಒಂದು ವಾಕ್ಯವೂ ಸಿಗಲಿಲ್ಲ. "ಗುಮಾಸ್ತೆ ಅಲ್ಲ ಲೊರೇನ್, ನಾನು," ಎಂದೆ. ಗಾಳಿ ಬೀಸಿ ಸಂಪರ್ಕ ಕಡಿಯಲಿ ಎಂದುಕೊಂಡೆ, ಆ ದಿನ ಮಾತ್ರ ಕಡಿಯಲಿಲ್ಲ.

"ಯಾಕೆ?" ಎಂದರು.

ಆಗಸ್ಟಿನ ಐದು ದಿನದ ಕತೆ ಹೇಳಿದೆ. ಕೇಳಿ, "ಐದು ದಿನ ಮೊದ್ಲು ಶಾಲೆ ತೆಗೀತೀರಿ. ಆ ಐದು ದಿನ ಮಾರ್ನಿ ಹತ್ರ ಯಾರಿರ್ತಾರೆ?" ಎಂದು ಕೇಳಿದರು. ಪತ್ರಿಕೆಗೆ ಬರೆಯುತ್ತೇನೆ, ನಿಮ್ಮ ಸಾಕ್ಷ್ಯ ಹಾಕಲೇ ಎಂದೆ. "ಹಾಕಿ. ಮಗು ತಾಯೀನ ಕೇಳಿ ಹೆಸರು ಹಾಕಿ. ನನ್ನ ಗಂಡನಿಗೆ ಇವತ್ತೇ ಹೇಳ್ತೀನಿ, ಪೇಪರ್‌ನಲ್ಲಿ ಓದಿ ತಿಳಿಯೋದು ಬೇಡ," ಎಂದು ಫೋನಿಟ್ಟರು. ತಾಯಿಯನ್ನು ಕೇಳಿದೆ. ಹಾಕಿ ಎಂದರು.

ಇದನ್ನು ತಮ್ಮ ಕಚೇರಿಯಲ್ಲೇ ಬಂದು ಹೇಳಬಹುದಿತ್ತಲ್ಲ ಎನ್ನುವಿರಿ. ಹೇಳಬಹುದಿತ್ತು. ತಾವು ಬಾಗಿಲು ಹಾಕಿ, ಕಾಫಿ ತರಿಸಿ, ಮತ್ತೊಂದು ಡ್ರಾಯರ್ ತೆರೆಯುತ್ತಿದ್ದಿರಿ. ಅದರೊಳಗೆ ಏನಿದೆ ಎಂದು ನಾನು ಇಣುಕಿ ನೋಡುತ್ತಿದ್ದೆ. ನನ್ನನ್ನು ನಾನು ಬಲ್ಲೆ.

ಆದ್ದರಿಂದ ಎಲ್ಲರೆದುರಿಗೇ ಕೇಳುತ್ತಿದ್ದೇನೆ. ಪಟ್ಟಿಯಿಂದ ಮಸೂದೆಯನ್ನು ಹಿಂತೆಗೆಯುವ ಅಧಿಕಾರ ಬುಧವಾರ ಮಧ್ಯಾಹ್ನದವರೆಗೆ ಅಧ್ಯಕ್ಷರಿಗಿದೆ, ಹಿಂತೆಗೆಯಿರಿ. ದಾಖಲೆಯನ್ನು ತಿದ್ದಿಸಿ, ತಪ್ಪು ಗುಮಾಸ್ತೆಯದಲ್ಲವೆಂದು ಅದರಲ್ಲೇ ಬರೆಸಿ. ಲೊರೇನ್ ಅವರ ನಿಜವಾದ ಚೀಟಿಯನ್ನು ಈ ಪತ್ರದೊಡನೆ ಸಮಿತಿಗೆ ಕಳಿಸಿದ್ದೇನೆ, ಜೇಬಿನಲ್ಲಿ ಸ್ವಲ್ಪ ಮುದುಡಿದೆ, ಗೀಟು ಸ್ಪಷ್ಟವಾಗಿದೆ. ವಿಚಾರಣೆಯನ್ನು ಮತ್ತೆ ನಡೆಸಿ, ಮೊದಲ ಸಾಕ್ಷಿಯಾಗಿ ಅವರನ್ನು ಕರೆಯಿರಿ. ಮೂರು ನಿಮಿಷದ ಕೆಂಪು ದೀಪ ಹತ್ತಿದಾಗ ಅವರು ಅಳುತ್ತಿದ್ದರೆ ಕಾಗದ ತಿರುವಬೇಡಿ. ಎರಡನೆಯ ಸಾಕ್ಷಿಯಾಗಿ ನನ್ನನ್ನು ಕರೆದು, ಯಂತ್ರದ ಪಕ್ಕ ನಾವು ಆಡಿದ ಮಾತನ್ನು ಪ್ರಮಾಣ ಮಾಡಿಸಿ ಹೇಳಿಸಿ. ಡ್ರಾಯರಿನಿಂದ ಹೊರಬಂದ ಆಗಸ್ಟ್ ಮಸೂದೆಯನ್ನು ವಾಪಸು ಕೇಳುವ ಹಕ್ಕು ತಮಗಿದೆ. ಅದನ್ನು ಸೂಪರಿಂಟೆಂಡೆಂಟರಿಗೆ ಇಂದು ಬೆಳಗ್ಗೆ ನಾನೇ ಹೇಳಿ ಬಂದೆ. ಅವರು ಕುರ್ಚಿಯಲ್ಲಿ ಹಿಂದಕ್ಕೊರಗಿ, ನನ್ನ ಕೆಂಪು ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಹೋಗಲು ಹೇಳಿದರು.

ಬುಧವಾರ ಬೆಳಗ್ಗೆ ಲೊರೇನ್ ಟರ್ಲೆ ಕ್ರೀಕ್‌ನಿಂದ ಹೊರಡುತ್ತಾರೆ. ತಾವು ಕರೆದರೂ ಹೊರಡುತ್ತಾರಂತೆ, ಕರೆಯದಿದ್ದರೂ ಹೊರಡುತ್ತಾರಂತೆ. ಮಾರ್ನಿಯ ತಾಯಿಯೂ ಜೊತೆಗಿರುತ್ತಾರೆ. ಈ ಸಲ ಕಾರು ಓಡಿಸುವವನು ನಾನು, ಕೋಣೆಯೊಳಗೆ ಮಾತಾಡುವವರು ಅವರು.

ಇಂತಿ,
ಮತ್ತೊಬ್ಬರ ಕೈಬರಹವನ್ನು ಇನ್ನೆಂದೂ ಅನುಕರಿಸಲಾರದ,
ವೆಂಡೆಲ್ ಥೋರ್ಸ್‌ಗಾರ್ಡ್
ನಿಲುವು: ವಿರೋಧ. ಉದ್ಯೋಗ: ಇಂದು ಬೆಳಗಿನವರೆಗೆ ಇತ್ತು.